ಬಕೆಟ್ಟಿನ ತಿದ್ದುಪಡಿ

ಮತ್ತಿಕೆರೆಯ ಮೂರನೇ ಮಹಡಿಯಲ್ಲಿ
ನನ್ನ ಮೇಜಿನ ಮೇಲೆ ಅಂಡಮಾನ್ ಸಮುದ್ರವಿದೆ,
ನಲವತ್ತೊಂದು ರಟ್ಟಿನ ದಫ್ತರಗಳಲ್ಲಿ.
ಉಪ್ಪು ಕುಡಿದು ಉಬ್ಬಿದ ಹಾಳೆಗಳು;
ತಿರುವಿದರೆ ಹಪ್ಪಳದ ಸದ್ದು.
ಒಂದೇ ಹಡಗು, ಒಂದೇ ದಾರಿ, ಇಪ್ಪತ್ತೇಳು ವರ್ಷ.
ಮೂರು ಗಂಟೆಗೊಮ್ಮೆ ಯಾರೋ ಎದ್ದು
ನೀರಿನ ಬಿಸಿ, ಗಾಳಿಯ ಒತ್ತಡ,
ಆಕಾಶದ ಎಂಟು ಪಾಲಿನಲ್ಲಿ ಮೋಡವೆಷ್ಟು
ಎಂದು ಬರೆದಿಟ್ಟಿದ್ದಾರೆ.
ನಾನು ಕಂಪ್ಯೂಟರಿಗೆ ಹತ್ತಿಸುತ್ತೇನೆ. ಅಷ್ಟೇ ಕೆಲಸ.

ಬರಬರುತ್ತ ಕೈಬರಹಗಳ ಪರಿಚಯವಾಯಿತು.
ಏಳರ ಸೊಂಟಕ್ಕೆ ಪಟ್ಟಿ ಕಟ್ಟುವವನು ಇಗ್ನೇಷಿಯಸ್ ತಾವ್ರೊ.
ಸೊನ್ನೆಯ ಬಾಯಿ ಮುಚ್ಚದೆ ಬಿಡುವವನು ದೂಮಪ್ಪ ಸಾಲ್ಯಾನ್:
ಅವಸರದವನು,
ಅಥವಾ ಆ ಹೊತ್ತಿಗೆ ಅಲೆ ದೊಡ್ಡದಿತ್ತು.
ತಾವ್ರೊ ಅಂಚಿನಲ್ಲಿ ಹೀಗೂ ಗೀಚುತ್ತಾನೆ:
“ಮೋಡ ಆರು. ಬಲಕ್ಕೆ ಮಿಂಚು, ಸದ್ದಿಲ್ಲ.
ಅಡುಗೆಯವನಿಗೆ ಜ್ವರ. ಮೂರನೇ ದಿನವೂ ಬ್ರೆಡ್ಡು.”
ಬ್ರೆಡ್ಡಿಗೆ ನನ್ನಲ್ಲಿ ಕಾಲಮ್ಮಿಲ್ಲ.

ಹದಿನೆಂಟನೆಯ ದಫ್ತರದಲ್ಲಿ, ಒಂದು ಸೋಮವಾರ,
ಸಮುದ್ರ ಇದ್ದಕ್ಕಿದ್ದಂತೆ ಬಿಸಿಯಾಯಿತು.
ಭಾನುವಾರದ ತನಕ ಇಪ್ಪತ್ತೆಂಟು ಚಿಲ್ಲರೆ;
ಮರುದಿನ ನಾಲ್ಕು ಹತ್ತಾಂಶ ಮೇಲೆ,
ಮತ್ತೆ ಇಳಿಯಲೇ ಇಲ್ಲ.
ಗ್ರಾಫಿನಲ್ಲಿ ಅದೊಂದು ಮೆಟ್ಟಿಲು.
“ಸಮುದ್ರ ಮೆಟ್ಟಿಲು ಹತ್ತೋದಿಲ್ಲ ಕಣೇ,” ಎಂದರು ವಾರಿಜಾ ಮೇಡಂ,
“ಹತ್ತಿದ್ದು ನಮ್ಮೋರೇ ಯಾರೋ. ಹುಡುಕು.”

ಸಿಕ್ಕಿತು. ಆ ಸೋಮವಾರ
ಕ್ಯಾನ್ವಾಸ್ ಬಕೆಟ್ಟು ನಿವೃತ್ತಿಯಾಗಿ
ಎಂಜಿನ್ನಿಗೆ ನೀರೆಳೆಯುವ ಕೊಳವೆಯೊಳಗೆ
ಹೊಸ ಥರ್ಮಾಮೀಟರು ಕೂತಿತ್ತು.
ಹಾಗಾದರೆ ಸುಳ್ಳು ಯಾರದು?
ಹಗ್ಗ ಹಿಡಿದು ಕತ್ತಲಿಗೆ ಇಳಿದದ್ದರದೋ,
ಕಾದ ಕಬ್ಬಿಣದ ಪಕ್ಕ ಕೂತದ್ದರದೋ?

ಪೀಣ್ಯ ಎರಡನೇ ಹಂತ, ಲೇತ್ ಶೆಡ್ಡಿನ ಹಿಂದುಗಡೆ.
ಅಂಥ ಬಕೆಟ್ಟು ಹೊಲಿದು ಕಳಿಸುತ್ತಿದ್ದ ಖಾದರ್ ನವಾಜ್ ಸಾಹೇಬರು,
ಎಂಬತ್ತರ ಹತ್ತಿರ.
ಕಡಲು ನೋಡಿದ್ದೀರಾ ಎಂದೆ.
“ಒಂದ್ಸಾರಿ, ಮದ್ರಾಸಲ್ಲಿ. ಚಪ್ಪಲಿ ಹೋಯ್ತು.”
ಅಟ್ಟದಿಂದ ಒಂದನ್ನು ಇಳಿಸಿ ದೂಳು ಕೊಡವಿದರು.
ಇಲಿ ಕಡಿದಲ್ಲಿ ಅವರೇ ತೇಪೆ ಹಾಕಿದರು,
ದಾರವನ್ನು ಹಲ್ಲಿನಿಂದ ಕಡಿದು.

ತಾರಸಿ. ಏಪ್ರಿಲ್ ಬೆಳಿಗ್ಗೆ.
ಕಾವೇರಿ ನೀರಿಗೆ ತೂಗಿ ಹಾಕಿದ ಉಪ್ಪು,
ಕಾಯಿಸುವ ರಾಡಿನಿಂದ ಇಪ್ಪತ್ತೆಂಟು ಚಿಲ್ಲರೆ ಬಿಸಿ,
ಸಮುದ್ರದ ಗಾಳಿಯ ಪಾತ್ರದಲ್ಲಿ ಟೇಬಲ್ ಫ್ಯಾನು.
ಕೆಳಗೆ ಗೂಡ್ಸ್ ಟೆಂಪೋ ಹಿಂದಕ್ಕೆ ಬರುವ ರಾಗ.
ನಮ್ಮ ಒತ್ತಡಮಾಪಕ ಒಂಬೈನೂರ ಹತ್ತು ತೋರಿಸುತ್ತಿತ್ತು;
ದಫ್ತರದಲ್ಲಿ ಸಾವಿರದ ಎಂಟು.
ನಡುವಿನ ತೊಂಬತ್ತೆಂಟು
ಈ ಊರು ಹತ್ತಿ ಕುಳಿತ ಎತ್ತರ.
ಕ್ಯಾನ್ವಾಸಿನ ಮೈ ಬೆವರಿತು, ಆರಿತು, ಮತ್ತೆ ಬೆವರಿತು.
ತಾವ್ರೊ ಮೂರು ನಿಮಿಷ ಕಾಯುತ್ತಿದ್ದ; ಅಂಚಿನಲ್ಲಿದೆ.
ನಾವೂ ಕಾದೆವು.
ಪಾದರಸ ಆರು ಹತ್ತಾಂಶ ಕೆಳಗೆ ಬಂತು.
ಸಾಹೇಬರು ಬೆರಳದ್ದಿ,
“ಮಡಕೆ ಮಾಡೋ ಕೆಲಸಾನೇ ಮಾಡೈತೆ, ಪಾಪ,” ಎಂದರು.

ಇಲ್ಲಿಯ ಒಣಗಾಳಿಯ ಪಾಲನ್ನು
ಮೇಡಂ ರಾತ್ರಿ ಕೂತು ಕಳೆದರು. ಉಳಿದದ್ದು ಮೂರು.
ಬಕೆಟ್ಟಿನ ವರ್ಷಗಳಿಗೆಲ್ಲ ಮೂರು ಕೂಡಿಸಿದೆ,
ಕೊಳವೆಯ ವರ್ಷಗಳಿಂದ ಒಂದು ಕಳೆದೆ.
ಯಾರೂ ಸುಳ್ಳು ಹೇಳಿರಲಿಲ್ಲ,
ತಂತಮ್ಮ ಮೈಯ ಬಿಸಿ ಸೇರಿಸಿ ಹೇಳಿದ್ದರು.
ಮೆಟ್ಟಿಲು ಅಳಿಸಿಹೋಯಿತು.
ಅಳಿಸಿದ ಜಾಗದಲ್ಲಿ ಕಂಡಿತು ಏರು:
ಸೈಕಲ್ಲಿನವನಿಗೆ ಮಾತ್ರ ಗೊತ್ತಾಗುವಂಥದ್ದು,
ಇಪ್ಪತ್ತೇಳು ವರ್ಷವೂ ಮೇಲಕ್ಕೇ.
ಅದಕ್ಕೆ ಯಾವ ಬಕೆಟ್ಟೂ ಹೊಣೆಯಲ್ಲ.
ಮೇಡಂ ಬಹಳ ಹೊತ್ತು ಮಾತಾಡಲಿಲ್ಲ,
ಆಮೇಲೆ ಚಹಾ ತರಿಸಿದರು.

ಇನ್ನೊಂದು ಉಳಿದಿತ್ತು. ನವೆಂಬರಿನ ಒಂದು ರಾತ್ರಿ, ಮೂರು ಗಂಟೆ,
ತಾವ್ರೊನ ಕೈ:
“ಹಗ್ಗ ಕಡಿಯಿತು. ಬಕೆಟ್ಟು ಹೋಯಿತು. ಅಳತೆ ಇಲ್ಲ.”
ಸೊನ್ನೆ ಹಾಕಲೇ ಎಂದೆ.
“ಬೇಡ. ಸೊನ್ನೆಯೂ ಒಂದು ಅಳತೆ. ಖಾಲಿ ಬಿಡು.”

ಬಿಟ್ಟಿದ್ದೇನೆ.
ಪೀಣ್ಯದ ಹೊಲಿಗೆ ಅಲ್ಲೆಲ್ಲೋ ಆಳದಲ್ಲಿ,
ಗಾಳಿ ತಾಗದೆ,
ಸುತ್ತಲ ನೀರು ಎಷ್ಟೋ
ಅಷ್ಟೇ ಬಿಸಿಯಾಗಿ.